ನೆಲ್ಲಿನ ಸೀಮೆಯಲ್ಲಿ ಗಿನಿಪಿಗ್‌ಗೆ ಹುಲ್ಲೆಲ್ಲಿ?

ನೆಲ್ಲು ಕೊಯ್ಲಾದರೆ ಸಾಕು, ಬುಕ್ಕಸಾಗರದಿಂದ ಕಂಪ್ಲಿಯವರೆಗೆ ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳದ್ದೇ ಕಾರುಬಾರು. ಇಂಥ ಕಡೆ ಮಕ್ಕಳ ಹಟಕ್ಕೆ ಜೋಡಿ ಗಿನಿಪಿಗ್ ತಂದವರು ಪ್ಯಾಕೆಟ್ ಹುಲ್ಲಿಗೆ ಆನ್‌ಲೈನ್‌ನಲ್ಲಿ ಹುಡುಕುತ್ತಾರೆಂದರೆ ರೈತರಿಗೆ ನಗು ಬಂದೀತು. ಆದರೆ ಎಮ್ಮೆಗೆ ನಡೆಯುವ ನೆಲ್ಲುಹುಲ್ಲು ಈ ಪುಟ್ಟ ಪ್ರಾಣಿಗೆ ನಡೆಯುವುದಿಲ್ಲ. ಕಾಳು ಬಲಿತ ಮೇಲೆ ಉಳಿದ ಒರಟು ಕಡ್ಡಿ ಅದು. ಸಿಲಿಕಾ ಹೆಚ್ಚು, ಪ್ರೋಟೀನು ಶೇ 3–4ರ ಆಸುಪಾಸು. ಮೇಲಾಗಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೆಲ್ಲಿಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಗಿನಿಪಿಗ್‌ನ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕು, ಕರುಳು ನಿಲ್ಲದೆ ಕೆಲಸ ಮಾಡಬೇಕು ಅಂದರೆ ಹಗಲೂ ರಾತ್ರಿ ಮುಂದೆ ಒಣಹುಲ್ಲು ಇರಲೇಬೇಕು. ಅದೂ ತೆನೆ ಬಿಡುವ ಮೊದಲೇ ಕೊಯ್ದು, ಹಸಿರು ಕೆಡದಂತೆ ಒಣಗಿಸಿದ ಹುಲ್ಲು.

ಮೊದಲು ಲೆಕ್ಕ ಹಾಕಿಕೊಳ್ಳಿ. ಚೆಲ್ಲುವುದೂ ಸೇರಿ ಎರಡು ಗಿನಿಪಿಗ್‌ಗೆ ತಿಂಗಳಿಗೆ ಸುಮಾರು 4 ಕೆ.ಜಿ. ಒಣಹುಲ್ಲು ಹಿಡಿಯಿರಿ. ಹಸಿ ಹುಲ್ಲು ಒಣಗಿದರೆ ನಾಲ್ಕೈದು ಕೆ.ಜಿ.ಗೆ ಒಂದು ಕೆ.ಜಿ. ಉಳಿಯುತ್ತದೆ. ಅಂದರೆ ತಿಂಗಳಿಗೆ 20 ಕೆ.ಜಿ. ಹಸಿ ಹುಲ್ಲು ಬೇಕು. ಹಾಲು ಮಾರುವ ಯಾವ ರೈತನಿಗೂ ಇದು ದೊಡ್ಡದಲ್ಲ.

ಆದ್ದರಿಂದ ಎರಡನೆಯ ಹೆಜ್ಜೆ, ಗಿನಿ ಹುಲ್ಲು ಬೆಳೆಯುವವರನ್ನು ಹುಡುಕುವುದು. ಬುಕ್ಕಸಾಗರ, ಕಮಲಾಪುರ, ಕಂಪ್ಲಿ ಕಡೆ ಹಸು-ಎಮ್ಮೆ ಕಟ್ಟಿದವರನ್ನು, ಡೇರಿಗೆ ಹಾಲು ಹಾಕಲು ಬರುವವರನ್ನು ಬೆಳಿಗ್ಗೆ ವಿಚಾರಿಸಿ. ಹೆಚ್ಚಿನವರು ನೇಪಿಯರ್ ತೋರಿಸುತ್ತಾರೆ. ಅದರ ದಂಟು ದಪ್ಪ, ಆಕ್ಸಲೇಟ್ ಅಂಶವೂ ಜಾಸ್ತಿ. ನಿತ್ಯದ ಮೇವಾಗಿ ಬೇಡ. ತೆಳು ಎಲೆಯ ಗಿನಿ ಹುಲ್ಲು ಸಿಕ್ಕರೆ ತಿಂಗಳ ಹಣ ಮುಂಗಡ ಕೊಟ್ಟು, “ಅಣ್ಣಾ, ತೆನಿ ಒಡಿಯೋಕ ಮುಂಚೇನ ಕೊಯ್ದು ಕೊಡ್ರಿ” ಅಂತ ಗಟ್ಟಿ ಮಾಡಿಕೊಳ್ಳಿ. ಕಳೆನಾಶಕ ಹೊಡೆದಿದ್ದಾರೆಯೇ, ಈಚೆಗೆ ಯೂರಿಯಾ ಹಾಕಿದ್ದಾರೆಯೇ ಎಂದು ನಾಚಿಕೊಳ್ಳದೆ ಕೇಳಿ. ಒಬ್ಬರನ್ನೇ ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಕಾಲುವೆ ನೀರು ನಿಂತಾಗ ಬೋರ್‌ವೆಲ್ ಇದ್ದವರೇ ದಿಕ್ಕು.

ಬದುವಿನ ಗರಿಕೆಯೂ ಒಳ್ಳೆಯದೇ, ಆದರೆ ಪಕ್ಕದ ಗದ್ದೆಯ ಔಷಧಿ ಅದರ ಮೇಲೂ ಬಿದ್ದಿರುತ್ತದೆ. ಸಂಡೂರು ರಸ್ತೆಯ ಅಂಚಿನ ಹುಲ್ಲಂತೂ ಮುಟ್ಟಬೇಡಿ, ಅದಿರು ಲಾರಿಗಳ ಕೆಂಪು ಧೂಳು ತೊಳೆದರೂ ಹೋಗುವುದಿಲ್ಲ.

ಮನೆ ಹಿಂದೆ ಹತ್ತಡಿ-ಇಪ್ಪತ್ತಡಿ ಜಾಗ, ನೀರು ಎರಡೂ ಇದ್ದರೆ ನನ್ನ ಸಲಹೆ ಸೀದಾ: ನೀವೇ ಬೆಳೆಯಿರಿ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ಡಿಜಿಜಿ-1 ಎಂಬ ಗಿನಿ ಹುಲ್ಲಿನ ತಳಿ ಅಲ್ಲಿಯದೇ. ಬೇರುಸಸಿ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೋಗಿ, ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಮುಂಗಾರು ಹಿಡಿದಾಗ ಎರಡಡಿಗೊಂದರಂತೆ ನೆಟ್ಟರೆ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಆಮೇಲೆ ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಕುಡುಗೋಲು ಹಿಡಿಯಬಹುದು.

ಕೆಡುವುದು ಹೆಚ್ಚಾಗಿ ಒಣಗಿಸುವಾಗಲೇ. ಮಂಜಿನ ಹನಿ ಆರಿದ ಮೇಲೆ ಕೊಯ್ದು, ಚಾಪೆಯ ಮೇಲೆ ತೆಳುವಾಗಿ ಹರಡಿ, ಅರ್ಧ ದಿನ ಬಿಸಿಲಿಗೆ ಬಾಡಿಸಿ. ಆಮೇಲೆ ಗಾಳಿಯಾಡುವ ನೆರಳು. ಹೊಸಪೇಟೆಯ ಏಪ್ರಿಲ್ ಬಿಸಿಲಿಗೇ ಪೂರಾ ಬಿಟ್ಟರೆ ಎಲೆ ಪುಡಿಯಾಗಿ ಕಡ್ಡಿ ಮಾತ್ರ ಉಳಿಯುತ್ತದೆ. ದಿನಕ್ಕೆ ಎರಡು-ಮೂರು ಸಲ ತಿರುವಿ ಹಾಕಿ. ಒಣಗಿತೋ ಇಲ್ಲವೋ ನೋಡಲು ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ, ಒಣಗಿದ ಗಾಜಿನ ಬಾಟಲಿಗೆ ಹಾಕಿ, ಒಂದು ಚಮಚ ಒಣ ಪುಡಿಉಪ್ಪು ಸೇರಿಸಿ, ಮುಚ್ಚಳ ಬಿಗಿದು ಕೆಲ ನಿಮಿಷ ಕುಲುಕಿ. ಉಪ್ಪು ಗಂಟುಕಟ್ಟಿದರೆ ಇನ್ನೂ ಹಸಿ ಇದೆ. ಉದುರುದುರಾಗಿದ್ದರೆ ಚೀಲಕ್ಕೆ ತುಂಬಬಹುದು.

ಚೀಲ ಗೋಣಿಯದೋ ಬಟ್ಟೆಯದೋ ಇರಲಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೂಷ್ಟು ಗ್ಯಾರಂಟಿ. ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಇಲಿ ಕಾಟ ನೋಡಿಕೊಳ್ಳಿ. ಕೈಹಾಕಿದಾಗ ಬಿಸಿ ಅನಿಸಿದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿ ಧೂಳೆದ್ದರೆ ಇಡೀ ಚೀಲ ತಿಪ್ಪೆಗೆ. ಉಳಿದದ್ದನ್ನು ಆರಿಸಿ ಹಾಕುವ ಜಿಪುಣತನ ಇಲ್ಲಿ ಬೇಡ.

ಜುಲೈ-ಸೆಪ್ಟೆಂಬರ್ ಮೋಡದಲ್ಲಿ ಒಣಗಿಸುವುದು ಕಷ್ಟ. ಬೇಸಿಗೆಯಲ್ಲೇ ಎರಡು ತಿಂಗಳ ದಾಸ್ತಾನು ಮಾಡಿ, ಇಲ್ಲವೇ ಆಗ ಮಾತ್ರ ಟಿಮೊಥಿ ಹುಲ್ಲಿನ ಪ್ಯಾಕೆಟ್ ತರಿಸಿ. ತಂಪು ಸೀಮೆಯ ಹುಲ್ಲದು, ಬೆಲೆ ಹೆಚ್ಚು. ವರ್ಷವಿಡೀ ಅದನ್ನೇ ನೆಚ್ಚುವುದು ನನಗೆ ದುಂದು ಅನಿಸುತ್ತದೆ. ತರಿಸುವುದಾದರೆ ಪ್ಯಾಕ್ ಮಾಡಿದ ತಿಂಗಳು ನೋಡಿ, ಇರುವುದು ಮುಗಿಯುವ ಹದಿನೈದು ದಿನ ಮೊದಲೇ ಆರ್ಡರ್ ಹಾಕಿ. ಹುಲ್ಲು ಬದಲಿಸುವಾಗ ಹಳೆಯದರ ಜೊತೆ ಬೆರೆಸುತ್ತ ವಾರ ತೆಗೆದುಕೊಳ್ಳಿ.

ಕುದುರೆ ಮಸಾಲೆ ಸೊಪ್ಪು ಮರಿಗಳಿಗೆ, ಗಬ್ಬದ ಹೆಣ್ಣಿಗೆ ಸರಿ. ಬೆಳೆದವಕ್ಕೆ ಅದರ ಕ್ಯಾಲ್ಸಿಯಂನಿಂದ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಗಿನಿಪಿಗ್‌ನ ದೇಹ ನಮ್ಮದರಂತೆಯೇ ವಿಟಮಿನ್ ಸಿ ತಯಾರಿಸುವುದಿಲ್ಲ, ಒಣಹುಲ್ಲಿನಲ್ಲೂ ಅದು ಸಾಕಷ್ಟು ಉಳಿಯುವುದಿಲ್ಲ. ಹಾಗಾಗಿ ದಿನವೂ ದೊಣ್ಣೆಮೆಣಸಿನಕಾಯಿಯ ಒಂದು ಹೋಳು ಕೊಡಿ, ಆಗಾಗ ಪೇರಲದ ಚೂರು ಸಾಕು. ಅರ್ಧ ದಿನ ಹುಲ್ಲು ಮುಟ್ಟದೆ ಮುದುರಿ ಕೂತರೆ ನಾಳೆ ನೋಡೋಣ ಎನ್ನದೆ ಪಶುವೈದ್ಯರಲ್ಲಿಗೆ ಒಯ್ಯಿರಿ, ಯಾವ ಹುಲ್ಲು ಹಾಕುತ್ತಿದ್ದೀರೆಂದು ತೋರಿಸಲು ಒಂದು ಹಿಡಿ ಜೊತೆಗಿರಲಿ.