ಮಗುವಿನ ಕ್ಲೋಸಪ್ ಮೊದಲು ತೆಗೆಸು

ಪ್ರೀತಿಯ ತಮ್ಮಾ,

ಧಾರಾವಾಹಿಗೆ ಪ್ರೊಡಕ್ಷನ್ ಮ್ಯಾನೇಜರ್ ಆದೆಯೆಂದು ಕೇಳಿ ಖುಷಿಯಾಯಿತು. ಕಥೆಯ ತುಂಬ ಏಳು ವರ್ಷದ ಹುಡುಗಿಯೇ ಇದ್ದಾಳಂತೆ. ಅದಕ್ಕೇ ಈ ಕಾಗದ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಕೂಡದೆಂದಾದಾಗ ಬಾಲ ಕಲಾವಿದರಿಗೆ ವಿನಾಯಿತಿ ಸಿಕ್ಕಿತು. ಅದನ್ನು ಪೂರ್ತಿ ರಜಾಚೀಟಿ ಅಂದುಕೊಂಡವರು ನಮ್ಮಲ್ಲಿದ್ದಾರೆ. ಆ ಕಾಯ್ದೆಯ 2017ರ ನಿಯಮಗಳನ್ನು ಒಮ್ಮೆ ಓದಿಕೋ. ಚಿತ್ರೀಕರಣಕ್ಕೆ ಆ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ 5 ಗಂಟೆ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಚೆಕ್ಕು ಅಪ್ಪನ ಕೈಗೆ ಕೊಟ್ಟು ಕೈತೊಳೆದುಕೊಳ್ಳಬೇಡ.

ಐದು ಗಂಟೆಯೆಂದರೆ ಕ್ಯಾಮೆರಾ ಮುಂದೆ ನಿಂತ ಹೊತ್ತು ಮಾತ್ರ ಎಂದು ಜಾಣ ಲೆಕ್ಕ ಹೇಳುವವರು ಸಿಗುತ್ತಾರೆ. ನೀನು ಮಗು ಮೇಕಪ್ ಕುರ್ಚಿಯಲ್ಲಿ ಕೂತ ಗಳಿಗೆಯಿಂದ ಲೆಕ್ಕ ಹಿಡಿ. ಮಗುವಿಗೆ ನಟನೆಗಿಂತ ಕಾಯುವುದೇ ಹೆಚ್ಚು ಸುಸ್ತು. ಬೆಳಿಗ್ಗೆಯೇ ಜರಿಲಂಗ ತೊಡಿಸಿ, ಜಡೆಗೆ ಪಿನ್ನು ಚುಚ್ಚಿ, ಲೈಟಿನ ಕೇಬಲ್‌ಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿಬಿಡುತ್ತಾರೆ. ದೊಡ್ಡ ಕಲಾವಿದರಿಗೆ ಇನ್ನೆಲ್ಲೋ ಹೋಗಬೇಕಿರುತ್ತದೆ, ಅವರ ಶಾಟ್‌ಗಳು ಮೊದಲು. ಮಗುವಿನ ಕ್ಲೋಸಪ್ ಬರುವಷ್ಟರಲ್ಲಿ ಸಂಜೆ. ನಿದ್ದೆಗಣ್ಣಲ್ಲಿ ಮಾತು ತೊದಲುತ್ತದೆ, ಟೇಕ್ ಮೇಲೆ ಟೇಕ್ ಆಗುತ್ತದೆ, ಯಾರೋ ಗದರುತ್ತಾರೆ. ಅದು ಬಿಕ್ಕಿದರೆ ‘ಇದೇ ಚೆನ್ನಾಗಿದೆ, ರೋಲ್ ಮಾಡಿ’ ಅನ್ನುವ ಪುಣ್ಯಾತ್ಮರೂ ಉಂಟು. ನಾನು ಅದನ್ನು ನಟನೆ ಅನ್ನಲಾರೆ.

ಅಳುವ ದೃಶ್ಯಕ್ಕೆ ಬಳಸುವ ಗ್ಲಿಸರಿನ್ ದೊಡ್ಡವರ ಕಣ್ಣನ್ನೇ ಉರಿಸುತ್ತದೆ. ಮಗುವಿಗಾದರೆ ಕೆನ್ನೆಯ ಮೇಲೆ ಒಂದು ಹನಿ ಇಟ್ಟರೆ ಸಾಕು. ಕಪಾಳಕ್ಕೆ ಹೊಡೆಯುವ ಸೀನಿದ್ದರೆ ಹೊಡೆಯುವವರ ಬೆನ್ನಹಿಂದೆ ಕ್ಯಾಮೆರಾ ಇಡಿಸು. ಏಟಿನ ಸದ್ದು ಆಮೇಲೆ ಸೇರಿಸಿಕೊಳ್ಳಬಹುದು.

ತಾಯಿ ಜೊತೆಗೇ ಇರುತ್ತಾರಲ್ಲ ಅನ್ನಬೇಡ. ‘ಸಾಕು, ಮಗು ಮಲಗಲಿ’ ಎಂದರೆ ನಾಳೆ ಪಾತ್ರವೇ ಹೋದೀತೆಂಬ ಹೆದರಿಕೆ ಅವರಿಗೆ. ‘ಬೆಟ್ಟದ ಹೂವು’ ಚಿತ್ರದಲ್ಲಿ ನಟಿಸಿ ಪುನೀತ್ ರಾಷ್ಟ್ರಪ್ರಶಸ್ತಿ ಪಡೆದರು, ನಿಜ. ಆ ಚಿತ್ರದ ನಿರ್ಮಾಪಕಿ ಪಾರ್ವತಮ್ಮ ರಾಜ್‌ಕುಮಾರ್, ಅಂದರೆ ಹುಡುಗನ ತಾಯಿ. ನಿನ್ನ ಸೆಟ್ಟಿನ ಹುಡುಗಿಯ ತಾಯಿಗೆ ಆ ಅಧಿಕಾರ ಎಲ್ಲಿಂದ ಬರಬೇಕು?

ಹಾಗಾಗಿ ನಿಯಮದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದು ಸಾಲು: ಗರಿಷ್ಠ ಐದು ಮಕ್ಕಳಿಗೆ ಒಬ್ಬರಂತೆ, ಅವರ ರಕ್ಷಣೆಗೆ ಜವಾಬ್ದಾರರನ್ನು ನೇಮಿಸಬೇಕು. ಯಾವುದೋ ಹೆಸರನ್ನು ಕಾಗದದ ಮೇಲಷ್ಟೇ ಬರೆದು, ಕಾಸ್ಟ್ಯೂಮ್ ಹುಡುಗನನ್ನೋ ಹೊಸ ಅಸಿಸ್ಟೆಂಟನ್ನೋ ತೋರಿಸುವುದು ಸುಲಭ. ನಿರ್ದೇಶಕರ ಮುಖ ನೋಡಿ ‘ಇನ್ನು ಸಾಕು’ ಅನ್ನಬಲ್ಲ, ಅಂದದ್ದಕ್ಕೆ ಕೆಲಸ ಕಳೆದುಕೊಳ್ಳದ ಹೆಂಗಸೊಬ್ಬರನ್ನು ಹುಡುಕು. ಅವರಿಗೆ ಬೇರೆ ಕೆಲಸ ಹಚ್ಚಬೇಡ. ಅವರ ನಂಬರನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಕಾಲ್‌ಶೀಟಿನ ಮೇಲೇ ಅಚ್ಚು ಹಾಕಿಸು.

ಕಂತುಗಳನ್ನು ಮುಂಚಿತವಾಗಿ ಚಿತ್ರೀಕರಿಸಿಡುವ ಎಪಿಸೋಡ್ ಬ್ಯಾಂಕಿಂಗ್‌ಗೆಂದು ಚಾನೆಲ್‌ನವರು ಅವಸರ ಮಾಡುತ್ತಾರೆ. ಮಗುವಿನ ದೃಶ್ಯಗಳನ್ನು ಬೆಳಿಗ್ಗೆಗೇ ಹಾಕಿಕೊಂಡರೆ ಅರ್ಧ ತಲೆನೋವು ಕಡಿಮೆ. ಮೊದಲ ವಾರದ ಶೆಡ್ಯೂಲ್ ಕಳಿಸು, ನೋಡಿ ಹೇಳುತ್ತೇನೆ.

ನಿನ್ನ ಅಣ್ಣ