ಅಂಗೈ ಗೇಮಿನಲ್ಲಿ ಹಳೆಯ ಆಟ: ಯಾವುದು ನಿಮ್ಮ ಹಕ್ಕು, ಯಾವುದು ತಪ್ಪು?

ಮದ್ದೂರಿನ ತಾಯಿಯೊಬ್ಬರು ಅಂಗೈ ಅಗಲದ ವಿಡಿಯೋ ಗೇಮೊಂದನ್ನು ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಪಿಯುಸಿ ಓದುವ ಮಗ ಆರು ತಿಂಗಳ ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದು. ಹತ್ತು ಸಾವಿರ ಆಟ ಇದೆ, ಪ್ಲೇಸ್ಟೇಷನ್ 2ರ ಆಟವೂ ಓಡುತ್ತದೆ ಎಂದು ಜಾಹೀರಾತಿನಲ್ಲಿತ್ತು. ಓಡಲಿಲ್ಲ. ಮೊದಲ ತಿಂಗಳಲ್ಲೇ ಪರದೆಯೂ ಮಿಣುಕತೊಡಗಿತು. ವಾಪಸ್ ಕಳಿಸೋಣ ಎಂದರೆ ನೆಂಟರೊಬ್ಬರು ಹೆದರಿಸಿದ್ದರು. “ಸಾರ್, ಇದ್ನ ಮನೇಲಿ ಮಡಿಕಂಡಿದ್ರೇ ಕೇಸ್ ಆಯ್ತದಂತೆ, ದಿಟ್ವಾ?” ಎಂದು ಕೇಳಿದರು.

ಕೊಟ್ಟ ದುಡ್ಡು ಹೋಯಿತೆಂಬ ಸಂಕಟಕ್ಕಿಂತ ಈ ಭಯವೇ ಅವರನ್ನು ಹೆಚ್ಚು ಕಾಡಿತ್ತು. ಅದಕ್ಕೇ ಈ ಲೇಖನ.

ಹಳೆಯ ಆಟ ಇಂಥ ಯಂತ್ರದಲ್ಲಿ ಓಡುತ್ತದೆಯೇ? ಓಡುತ್ತದೆ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ಚಿಪ್ಪು ಸೆಕೆಂಡಿಗೆ ಸುಮಾರು 18 ಲಕ್ಷ ಬಾರಿ ಮಿಡಿಯುತ್ತಿತ್ತು. ಇಂದಿನ ಸಾಧಾರಣ ಮೊಬೈಲಿನ ಚಿಪ್ಪು ನೂರು ಕೋಟಿ ಬಾರಿಗೂ ಹೆಚ್ಚು ಮಿಡಿಯುತ್ತದೆ. ಹಳೆಯ ಯಂತ್ರ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ನಟಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಫ್ಯಾಮಿಕಾಮ್, 1989ರ ಗೇಮ್ ಬಾಯ್, 1994ರ ಮೊದಲ ಪ್ಲೇಸ್ಟೇಷನ್‌ಗಳ ಆಟವನ್ನು ಅಗ್ಗದ ಯಂತ್ರವೂ ನಿಭಾಯಿಸಬಲ್ಲದು. 2000ದ ಪ್ಲೇಸ್ಟೇಷನ್ 2ಕ್ಕೆ ಮಾತ್ರ ಒಳ್ಳೆಯ ಚಿಪ್ಪೇ ಬೇಕು. ಕಡಿಮೆ ಬೆಲೆಯ ಯಂತ್ರಗಳು ಅಲ್ಲಿ ಏದುಸಿರು ಬಿಡುತ್ತವೆ. ಆ ಹುಡುಗನಿಗೆ ಆದದ್ದು ಇದೇ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಮ್ಯುಲೇಟರ್ ಎಂಬ ಪದವೇ ಇಲ್ಲ. ಆದರೆ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ ಎಂದು ಅದು ಹೇಳುತ್ತದೆ. ಮಾಹಿತಿಯನ್ನು ಸಂಸ್ಕರಿಸುವ ಯಾವುದೇ ಎಲೆಕ್ಟ್ರಾನಿಕ್ ಸಾಧನವೂ ಅದರ ಲೆಕ್ಕದಲ್ಲಿ ಕಂಪ್ಯೂಟರೇ. ಆದ್ದರಿಂದ ಮಗನ ಕೈಯ ಗೇಮೂ ಕಂಪ್ಯೂಟರು, ಅದರೊಳಗಿನ ಪ್ರತಿ ಆಟವೂ ಒಂದೊಂದು ಕೃತಿ. ಇನ್ನೊಬ್ಬರ ಕೋಡನ್ನು ಕದಿಯದೆ ಸ್ವಂತವಾಗಿ ಬರೆದ ಎಮ್ಯುಲೇಟರ್ ತಾನಾಗಿ ತಪ್ಪಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದರೆ, ನ್ಯಾಯವಾಗಿ ಪ್ರತಿ ಹೊಂದಿದವರು ಅದನ್ನು ಅಗೆದು ತೆಗೆಯಬಹುದು ಎಂದು 52ನೇ ಕಲಂ ಹೇಳುತ್ತದೆ. 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ ಪ್ಲೇಸ್ಟೇಷನ್ ಎಮ್ಯುಲೇಟರಿನ ಪರ ನಿಂತಿತು.

ತೊಡಕಿರುವುದು ಆಟಗಳಲ್ಲಿ. ಈಗ ಅಂಗಡಿಯಲ್ಲಿ ಸಿಗದ ಆಟ ಯಾರದೂ ಅಲ್ಲ ಎಂದು ಹುಡುಗರು ನಂಬಿದ್ದಾರೆ. ಅದು ತಪ್ಪು. ನಮ್ಮ ಕಾಯ್ದೆಯಲ್ಲಿ ಸಾಹಿತ್ಯ ಕೃತಿಯ ಹಕ್ಕು ಬರೆದವರ ಜೀವಮಾನವಿಡೀ ಇದ್ದು, ಅವರ ನಂತರವೂ 60 ವರ್ಷ ಉಳಿಯುತ್ತದೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಮುದಿಯಾಗಿ ಕಂಡರೂ ಅದಕ್ಕೆ ಒಡೆಯರಿದ್ದಾರೆ. ಎಮ್ಯುಲೇಟರ್ ಕೇಳುವ ಬಯಾಸ್ ಎಂಬ ಮೂಲ ತಂತ್ರಾಂಶವೂ ಆಯಾ ಕಂಪನಿಯ ಸ್ವತ್ತೇ.

ಆದರೆ ನಮ್ಮ ಕಾಯ್ದೆ ಇಲ್ಲೊಂದು ಉದಾರ ಬಾಗಿಲು ತೆರೆದಿದೆ, ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ. ನೀವು ಸ್ವತಃ ನ್ಯಾಯವಾಗಿ ಪಡೆದ ಪ್ರೋಗ್ರಾಂನ ಪ್ರತಿಯನ್ನು ವ್ಯಾಪಾರಕ್ಕಲ್ಲದೆ ಸ್ವಂತ ಬಳಕೆಗೆ ನಕಲು ಮಾಡಿಕೊಳ್ಳಬಹುದು. ಹಾಳಾದೀತೆಂಬ ಭಯಕ್ಕೆ ಬ್ಯಾಕಪ್ ಇಟ್ಟುಕೊಳ್ಳಬಹುದು. 52(1)ರ ಎಎ ಮತ್ತು ಎಡಿ ಉಪಕಲಂಗಳು ಇದನ್ನೇ ಹೇಳುತ್ತವೆ. ಅಣ್ಣನ ಹಳೆಯ ಅಸಲಿ ಗೇಮ್ ಬಾಯ್ ಕ್ಯಾಸೆಟ್ಟು ಈಗ ನಿಮ್ಮದಾಗಿದ್ದರೆ, ಅದರ ಆಟವನ್ನು ತೆಗೆದು ಹೊಸ ಯಂತ್ರದಲ್ಲಿ ನೀವೇ ಆಡಿಕೊಳ್ಳಲು ಈ ಆಧಾರ ಸಾಕು. ಯಾರೋ ಹರಿಯಬಿಟ್ಟ ಫೈಲನ್ನು ಇಳಿಸಿಕೊಳ್ಳುವುದಕ್ಕಾಗಲಿ, ಗೆಳೆಯನಿಗೆ ಮೆಮೊರಿ ಕಾರ್ಡ್ ತುಂಬಿಕೊಡುವುದಕ್ಕಾಗಲಿ ಇದು ಅನ್ವಯಿಸದು. ತಯಾರಕರೇ ಉಚಿತವಾಗಿ ಬಿಟ್ಟ ಹವ್ಯಾಸಿ ಆಟಗಳಿಗೆ ಈ ತಂಟೆಯೇ ಇಲ್ಲ.

2012ರ ತಿದ್ದುಪಡಿ ತಂದ 65ಎ ಕಲಂ ಹಕ್ಕು ಮುರಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವವರಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಎನ್ನುತ್ತದೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಒಡೆದರೆ ಅಪರಾಧವಲ್ಲ. ಮಂಡ್ಯದ ಮೊಬೈಲ್ ರಿಪೇರಿ ಅಣ್ಣಂದಿರು ಇಲ್ಲಿ ಕಿವಿಗೊಡಬೇಕು: ಗಿರಾಕಿಗೆ ಅಂಥ ಬೀಗ ತೆಗೆದುಕೊಟ್ಟರೆ, ಅವರ ಹೆಸರು, ವಿಳಾಸ, ಗುರುತಿನ ವಿವರ, ಉದ್ದೇಶ ಎಲ್ಲವನ್ನೂ ಬರೆದಿಡುವುದು ನಿಮ್ಮ ಹೊಣೆ. ಒಂದು ರಿಜಿಸ್ಟರು ಇಟ್ಟುಕೊಳ್ಳಿ.

ಆ ತಾಯಿಯ ಭಯಕ್ಕೆ ಬರೋಣ. ಕದ್ದ ಪ್ರತಿ ಎಂದು ತಿಳಿದೂ ತಿಳಿದೂ ಬಳಸಿದರೆ 63ಬಿ ಕಲಂ ಏಳು ದಿನದಿಂದ ಮೂರು ವರ್ಷದ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸಿಲ್ಲವೆಂದು ಮನವರಿಕೆಯಾದರೆ ನ್ಯಾಯಾಲಯ ಜೈಲನ್ನು ಬಿಟ್ಟು 50,000ದವರೆಗಿನ ದಂಡವಷ್ಟೇ ಹಾಕಬಹುದು. ಗೊತ್ತಿಲ್ಲದೆ ಕೊಂಡ ಹುಡುಗನ ಸ್ಥಿತಿ ಬೇರೆ, ನಕಲು ಆಟ ತುಂಬಿ ಮಾರುವವನ ಸ್ಥಿತಿ ಬೇರೆ. ಮಾರುವವನಿಗೆ 63ನೇ ಕಲಂನಡಿ ಸಾಮಾನ್ಯವಾಗಿ ಆರು ತಿಂಗಳಿನಿಂದ ಮೂರು ವರ್ಷದ ಶಿಕ್ಷೆ. ಅದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಸಿಕ್ಕವರನ್ನೆಲ್ಲ ಎಳೆದೊಯ್ಯುವಂತಿಲ್ಲ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ಹಾಜರಾತಿ ನೋಟಿಸ್ ಕೊಡಬೇಕು. ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪ್ರತಿಗಳನ್ನು ವಾರಂಟಿಲ್ಲದೆ ಜಪ್ತಿ ಮಾಡುವ ಅಧಿಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗಿಲ್ಲ. ಜಪ್ತಿಯಾದದ್ದು ವಾಪಸ್ ಬೇಕೆಂದರೆ 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು.

ಗಂಟೆಗೆ ಇಷ್ಟೆಂದು ಆಡಿಸುವ ಅಂಗಡಿ ತೆರೆಯುವವರಿಗೂ ಒಂದು ಮಾತು. ಪ್ರೋಗ್ರಾಂ ಬಾಡಿಗೆಗೆ ಕೊಡುವ ಹಕ್ಕು ಅದರ ಒಡೆಯರದು. ವಿಡಿಯೋ ಗೇಮ್ ಪಾರ್ಲರಿಗೆ ಲೈಸೆನ್ಸ್ ಕೇಳುವ ಸರ್ಕಾರದ ಅಧಿಕಾರವನ್ನು 1995ರಲ್ಲೇ ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬಾಗಿಲು ತೆರೆಯುವ ಮೊದಲೇ ಪುರಸಭೆ, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಓಡದ ಯಂತ್ರದ ದುಡ್ಡು? ಇಲ್ಲಿ ಕಾನೂನು ಕೊಂಡವರ ಕಡೆಗಿದೆ. ಇಲ್ಲದ ಗುಣವನ್ನು ಇದೆಯೆಂದು ಸಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅದೇ. ದೋಷವಿದ್ದ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಲ್ಲೆನ್ನುವುದೂ ಅದೇ. ಮೊದಲು ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸುವುದು ಅವರ ಕರ್ತವ್ಯ. ಆಗಲಿಲ್ಲವೋ, 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗ ಇದೆ.

ಮಾರಿದವನು ದೆಹಲಿಯಲ್ಲಿದ್ದರೂ ಮದ್ದೂರಿನವರು ಅಲ್ಲಿಗೆ ಅಲೆಯಬೇಕಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. 2025ರ ಜನವರಿ 1ರಿಂದ ಇರುವ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದೂ ಇಲ್ಲ, ನೀವೇ ವಾದಿಸಬಹುದು. ಆದರೆ ದೂರಿನಲ್ಲಿ ಬರೆಯಬೇಕಾದದ್ದು ಯಂತ್ರದ ದೋಷ ಮತ್ತು ಸುಳ್ಳು ಜಾಹೀರಾತನ್ನು. ನಕಲು ಆಟ ಕಡಿಮೆ ಬಂತು ಎಂದಲ್ಲ. ಜಾಹೀರಾತಿನ ಚಿತ್ರ, ಹಣ ಕಟ್ಟಿದ ದಾಖಲೆ, ಡಬ್ಬಿಯ ಮೇಲಿನ ಆಮದುದಾರರ ಹೆಸರು, ಪರದೆ ಮಿಣುಕುವ ವಿಡಿಯೋ ಇವಿಷ್ಟನ್ನು ಲಗತ್ತಿಸಿ.

ಬರೆಯಲು ಸಹಾಯ ಬೇಕಾದರೆ ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಮದ್ದೂರು, ಮಳವಳ್ಳಿಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಸಹಾಯವಾಣಿ 15100.

ದೂರು ಹೂಡಲು ಎರಡು ವರ್ಷದ ಗಡುವು. ಆ ತಾಯಿ ಮಗನ ಮೊಬೈಲಿನಲ್ಲಿ ಆರ್ಡರಿನ ಪುಟ ತೆರೆಸಿ ತಾರೀಖು ನೋಡಿದರು. ಇನ್ನೂ ಹದಿನೆಂಟು ತಿಂಗಳು ಉಳಿದಿತ್ತು.