ತೋಟ ನೋಡಲು ಹೊರಟಾಗ ಟೇಪು ಜೊತೆಗಿರಲಿ

ಫಲಪುಷ್ಪ ಪ್ರದರ್ಶನದಿಂದ ಮರಳುವಾಗ ಕಾರಿನ ಡಿಕ್ಕಿ ತುಂಬ ಕುಂಡಗಳು. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಗಿಡ ಒಣಗಿ, ಖಾಲಿ ಕುಂಡಗಳು ಹಿತ್ತಲ ಮೂಲೆ ಸೇರಿರುತ್ತವೆ. ಅಲ್ಲಿ ಕಣ್ಣಿಗೆ ಹಿಡಿಸಿದ್ದು ಜೋಡಣೆ, ನಾವು ಹೊತ್ತು ತಂದಿದ್ದು ಬರೀ ಗಿಡ. ಆ ಜೋಡಣೆಯನ್ನೇ ಮನೆಯಂಗಳಕ್ಕೆ ಇಳಿಸಿಕೊಳ್ಳುವುದು ಹೇಗೆ?

1. ಮೊದಲು ನಿಮ್ಮ ಅಂಗಳ ಅಳೆಯಿರಿ
ಗ್ರಾಫ್ ಹಾಳೆಯಲ್ಲಿ ಚೌಕಕ್ಕೆ ಒಂದು ಅಡಿಯಂತೆ ನಕ್ಷೆ ಬರೆಯಿರಿ. ನಲ್ಲಿ, ಸಂಪು, ಬಟ್ಟೆ ಒಣಹಾಕುವ ತಂತಿ, ಸ್ಕೂಟರ್ ನಿಲ್ಲಿಸುವ ಜಾಗ ಗುರುತಿಸಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ಬಿಸಿಲು ಎಲ್ಲಿದೆ ಎಂದು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ತೋಟ ನೋಡಲು ಎಲ್ಲಿಗೆ ಹೋದರೂ ಈ ಹಾಳೆ ಕಿಸೆಯಲ್ಲಿರಲಿ.

2. ಮೂರು ಬಗೆಯ ತೋಟ ಆರಿಸಿಕೊಳ್ಳಿ
ಮೊದಲನೆಯದು ದೊಡ್ಡ ಉದ್ಯಾನ. 240 ಎಕರೆಯ ಲಾಲ್‌ಬಾಗ್‌ಗೆ ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಹೋಗಬೇಡಿ. ಮಾಮೂಲಿ ದಿನ ಬೆಳಿಗ್ಗೆ ಹೋಗಿ. ಪ್ರದರ್ಶನದ ಕುಂಡಗಳು ಬೇರೆಡೆ ಬೆಳೆದು, ಅರಳುವ ಹೊತ್ತಿಗೆ ಬಂದು ಕೂತ ಅತಿಥಿಗಳು. ಅಂಗಳ ಇಳಿಜಾರಾಗಿದ್ದರೆ ಕೆಆರ್‌ಎಸ್‌ನ ಬೃಂದಾವನ ನೋಡಿ: ಇಳಿಜಾರನ್ನು ಹಂತಗಳಾಗಿ ಒಡೆದು ನೀರು ಹರಿಸಿದ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯದು ಮಲೆನಾಡಿನ ಹಳೇ ಮನೆಯ ಹಿತ್ತಲು. ಬಚ್ಚಲ ನೀರು ಬಾಳೆ, ಕೆಸುವಿನ ಬುಡ ಸೇರುವ ಜಾಣತನ ಅಲ್ಲಿದೆ. ಮೂರನೆಯದು ನಿಮ್ಮದೇ ಬೀದಿಯಲ್ಲಿ, ನಿಮ್ಮಷ್ಟೇ ಜಾಗವಿರುವ ಮನೆ. ಮಣ್ಣೂ ನೀರೂ ಒಂದೇ ಆದ್ದರಿಂದ ಹೆಚ್ಚು ಕಲಿಯುವುದು ಇಲ್ಲಿಯೇ.

3. ಎರಡು ಸಲ ಹೋಗಿ
ಮಳೆಗಾಲದಲ್ಲಿ ಎಲ್ಲ ತೋಟವೂ ಚಂದ. ಏಪ್ರಿಲ್ ಕೊನೆಯಲ್ಲಿ ಮತ್ತೊಮ್ಮೆ ಹೋಗಿ. ಆಗಲೂ ಹಸಿರಾಗಿ ನಿಂತದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ.

4. ಹೂವನ್ನು ಕೊನೆಗೆ ನೋಡಿ
ಗೇಟಿನಲ್ಲಿ ಐದು ನಿಮಿಷ ನಿಲ್ಲಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು? ತುಳಸಿಕಟ್ಟೆಗೋ, ಕಲ್ಲುಬೆಂಚಿಗೋ, ಗೋಡೆಗೆ ಹಬ್ಬಿದ ಬಳ್ಳಿಗೋ? ಬರೆದುಕೊಳ್ಳಿ. ದಾರಿಯ ಅಗಲ ಅಳೆಯಿರಿ. ಇಬ್ಬರು ಜೊತೆಯಾಗಿ ನಡೆಯಲು ಸುಮಾರು ನಾಲ್ಕು ಅಡಿ, ಒಬ್ಬರಿಗೆ ಎರಡೂವರೆ ಅಡಿ ಬೇಕು. ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಗಿಡದ ಎತ್ತರ ಹೇಗೆ ಇಳಿದಿದೆ, ಹೂವಿಲ್ಲದ ತಿಂಗಳಲ್ಲಿ ಕ್ರೋಟನ್‌ನಂಥ ಎಲೆಗಳು ಬಣ್ಣದ ಕೆಲಸ ಹೇಗೆ ಮಾಡುತ್ತಿವೆ, ಮಳೆನೀರು ಯಾವ ಕಡೆ ಹರಿಯುತ್ತದೆ ನೋಡಿ. ಫೋಟೊದಲ್ಲಿ ಯಾರಾದರೊಬ್ಬರು ನಿಂತಿರಲಿ, ಗಿಡದ ಎತ್ತರ ಆಮೇಲೂ ತಿಳಿಯುತ್ತದೆ.

5. ನೀರು ಹಾಕುವವರನ್ನು ಮಾತನಾಡಿಸಿ
ಮನೆಯೊಡತಿಯೋ ಮಾಲಿಯೋ, ನೀರು ಹಾಕುವವರಿಗೆ ಮೂರು ಪ್ರಶ್ನೆ ಕೇಳಿ: ಬೇಸಿಗೆಯಲ್ಲಿ ಎಷ್ಟು ಸಲ ನೀರು? ಐದು ವರ್ಷಕ್ಕೆ ಈ ಗಿಡ ಎಷ್ಟು ಹರಡುತ್ತದೆ? ಇಲ್ಲಿ ಯಾವ ಗಿಡ ಉಳಿಯಲಿಲ್ಲ? ಮೂರನೆಯ ಉತ್ತರ ನಿಮ್ಮ ದುಡ್ಡು ಉಳಿಸುತ್ತದೆ. ದಾಸವಾಳದ ಗೆಲ್ಲು ಬೇಕಿದ್ದರೆ ಕೇಳಿಯೇ ಪಡೆಯಿರಿ. ಸಾರ್ವಜನಿಕ ಉದ್ಯಾನದಲ್ಲಿ ಎಲೆಯನ್ನೂ ಕೀಳಬೇಡಿ.

6. ನಿಮ್ಮ ಅಳತೆಗೆ ಇಳಿಸಿ
ಲಾಲ್‌ಬಾಗ್‌ನ ಹೆಮ್ಮರ 30x40 ನಿವೇಶನಕ್ಕಲ್ಲ. ಅದು ಮಾಡುವ ಕೆಲಸವನ್ನು ಮಾತ್ರ ತನ್ನಿ: ಕೂರುವ ಜಾಗದ ಮೇಲೊಂದು ನೆರಳು. ಅಷ್ಟಕ್ಕೆ ಪಾರಿಜಾತವೋ ಮಲ್ಲಿಗೆ ಚಪ್ಪರವೋ ಸಾಕು. ಕೊಳದ ಬದಲು ಹಕ್ಕಿಗಳಿಗೊಂದು ಕಲ್ಲುಮರಿಗೆ ಇಡಿ, ಸೊಳ್ಳೆಯಾಗದಂತೆ ದಿನವೂ ನೀರು ಬದಲಿಸಿ.

1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಮರಗಳನ್ನು ಯೋಜಿಸಿದವರು. ಅದೇ ಲೆಕ್ಕ ಕುಂಡಗಳಿಗೂ ಹೊಂದುತ್ತದೆ. ಬೇಸಿಗೆಗೆ ದುಂಡುಮಲ್ಲಿಗೆ, ಮಳೆಗಾಲಕ್ಕೆ ಡೇರೆ, ಚಳಿಗಾಲಕ್ಕೆ ಸೇವಂತಿಗೆ, ನಡುವಿನ ದಿನಗಳಿಗೆ ಕನಕಾಂಬರ.

7. ಅಗೆಯುವ ಮುನ್ನ ಹಗ್ಗ ಹಾಸಿ
ಒಂದು ಭೇಟಿಗೆ ಒಂದೇ ಉಪಾಯ, ಅಂಗಳದ ಒಂದೇ ಮೂಲೆ. ಗುದ್ದಲಿ ಹಿಡಿಯುವ ಮೊದಲು ಪಾತಿಯ ಅಂಚಿಗೆ ಹಗ್ಗ ಹಾಸಿ, ಗಿಡ ಬರಬೇಕಾದಲ್ಲಿ ಖಾಲಿ ಕುಂಡ ಇಡಿ. ಹಿತ್ತಲ ಮೂಲೆಯಲ್ಲಿ ಬಿದ್ದವೇ ಸಾಕು. ಹದಿನೈದು ದಿನ ಹಾಗೇ ಬಿಡಿ. ನಲ್ಲಿಗೋ ಬಟ್ಟೆ ತಂತಿಗೋ ಹೋಗುವ ಮನೆಮಂದಿ ಹಗ್ಗವನ್ನು ದಿನಾ ದಾಟಿಕೊಂಡೇ ಹೋಗುತ್ತಿದ್ದರೆ ಅವರನ್ನು ಗದರಬೇಡಿ, ಹಗ್ಗವನ್ನೇ ಸರಿಸಿ. ದಾರಿ ಇರಬೇಕಾದದ್ದು ಅಲ್ಲೇ.